ಸ್ಮಶಾನದಲ್ಲಿ ಪಾಸಾದ ದೀಪ

ನಮ್ಮ ಮೊಮ್ಮಗಳ ದೀಪ ಗೆದ್ದಿತು! ತಂಗಡಗಿಯಲ್ಲಿ ಹೊಳೆಗೆ ಇಳಿಯುವ ದಾರಿಗೆಲ್ಲ ಅವಳ ಸೋಲಾರ್ ದೀಪಗಳನ್ನೇ ಹಾಕುವುದೆಂದು ಇವತ್ತು ಪಂಚಾಯಿತಿಯವರು ಒಪ್ಪಿದರು. ಸುದ್ದಿ ಕೇಳಿದಾಗಿನಿಂದ ನನ್ನ ಕಣ್ಣ ಮುಂದೆ ಇರುವುದು ಮಾತ್ರ ಒಂದು ಹೆಬ್ಬೆರಳು. ಬೆಸುಗೆಯ ಕಾವಿಗೆ ಸುಟ್ಟು, ಉಗುರೇ ಇಲ್ಲದೆ, ಹುರಿದ ಶೇಂಗಾದಂತಾದ ಹೆಬ್ಬೆರಳು. ಅದು ದೀಪದ ಕಾಕಾ ಅವರದು.

ಸಿಂದಗಿಯಲ್ಲಿ ನಮ್ಮ ಮನೆಗೆ ಹತ್ತಿಕೊಂಡೇ ಅವರ ತಗಡಿನ ಸೂರಿನ ದೀಪದ ಕಾರ್ಖಾನೆ. ವಯಸ್ಸಿನಲ್ಲಿ ನನಗಿಂತ ಸಣ್ಣವರು. ಊರೆಲ್ಲ ಕಾಕಾ ಎನ್ನುತ್ತಿತ್ತು, ನಾನೂ ಅಂದೆ. ಬೇರೆಯವರು ತರಿಸಿದ ಮಾಲು ಮಾರುತ್ತಿದ್ದರೆ ಇವರು ಹೊಸದನ್ನೇ ಕಟ್ಟಿದರು: ಕತ್ತಲಲ್ಲಿ ಯಾರಾದರೂ ಹತ್ತಿರ ಬಂದರೆ ಹೊತ್ತುವ, ಹೋದರೆ ಆರುವ ದೀಪ. ಅದನ್ನು ಪರೀಕ್ಷೆಗೆಂದು ನೆಟ್ಟದ್ದು ಎಲ್ಲಿ? ಸ್ಮಶಾನದಲ್ಲಿ!

"ಅಲ್ಯಾಕ್ರಿ ಕಾಕಾ?" ಎಂದೆ.

"ಅಲ್ಲಿ ಗಿಡದ ನೆರಳಿಲ್ಲ, ಕಳ್ಳರ ಕಾಟಿಲ್ಲ. ಇರೂ ಮಂದಿ ಎದ್ದು ಅಡ್ಡಾಡೂದಿಲ್ಲ, ಅಕ್ಕಾ," ಎಂದು ನಕ್ಕರು.

ಅವರು ಎಡವಿದ್ದು ಅಲ್ಲೇ. ಸಂಜೆ ಸ್ಮಶಾನದಲ್ಲಿ ದೀಪ ತಾನಾಗಿ ಹೊತ್ತುವುದನ್ನು ಕಂಡವರು ದೆವ್ವದ ದೀಪ ಎಂದರು. ಒಬ್ಬರೂ ಕೊಳ್ಳಲಿಲ್ಲ. ಡಿಪ್ಲೊಮಾ ಮುಗಿಸಿ ಅವರ ಪಾಲುದಾರಳಾಗಿದ್ದ ಮೊಮ್ಮಗಳು ಗೋಳಾಡಿದಳು. "ನಾಯಿ ಬಂದ್ರೂ ಹತ್ತತೈತಿ ಅಂತ ಮಂದಿಗೆ ಹೇಳ್ರಿ ಕಾಕಾ!"

"ಬಂದದ್ದು ನಾಯೀನೋ, ಮತ್ಯಾರೋ, ನನಗೇನ್ ಗೊತ್ತವಾ? ಅದು ಕಂಡೈತಿ, ನಾ ಕಂಡಿಲ್ಲ."

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಹೂವಿನ ವಿಮಾನದಂತೆ ಕಟ್ಟಿದ ಚಟ್ಟದಲ್ಲಿ ಕೂರಿಸಿ, ಮಟಮಟ ಮಧ್ಯಾಹ್ನ ಅದೇ ಸ್ಮಶಾನಕ್ಕೆ ಮಣ್ಣಿಗೆ ಒಯ್ದೆವು. ಮುಂದೆ ನಡೆದ ನಾವೆಲ್ಲ ಕಂಬ ದಾಟಿದಾಗ ದೀಪ ಸುಮ್ಮನಿತ್ತು. ವಿಮಾನ ಬಂತು, ಹೊತ್ತಿತು. ಭಜನೆ ನಿಂತುಹೋಯಿತು. ಮೊಮ್ಮಗಳು ನನ್ನ ಕೈ ಹಿಡಿದಳು.

"ಆಯಿ, ಬೆಳಕಿನ್ಯಾಗ ಅದು ಹತ್ತಬಾರದು."

ಮರುದಿನ ಬಿಚ್ಚಿ ನೋಡಿದಳು. ಏನೂ ಕೆಟ್ಟಿರಲಿಲ್ಲ.

ದೀಪಾವಳಿಯೊಳಗೆ ಗಿರಾಕಿ ಸಿಗದಿದ್ದರೆ ಕಾರ್ಖಾನೆಗೆ ಬೀಗವೇ ಎಂದು ಅವಳು ಅತ್ತಿದ್ದಳು. ಕಾಕಾ ಅವರ ಮಣ್ಣಿಗೆ ಬಂದು ದೀಪ ಹೊತ್ತಿದ್ದನ್ನು ಕಂಡಿದ್ದ ತಂಗಡಗಿಯ ಪಂಚಾಯಿತಿ ಸದಸ್ಯರೊಬ್ಬರು ಈಗ ತಾವೇ ಹುಡುಕಿಕೊಂಡು ಬಂದರು. "ಹೊಳಿ ದಾರ್ಯಾಗ ನಮ್ಮ ಹೆಣ್ಮಕ್ಕಳು ಕತ್ತಲಿಗೆ ಅಂಜತಾರವಾ. ಸತ್ತವರನ್ನ ಗುರುತು ಹಿಡಿಯೂ ದೀಪ, ಇದ್ದವರನ್ನ ಬಿಟ್ಟೀತೇನು?"

ಈ ಸಂಜೆ ಮನೆಮಂದಿಯೆಲ್ಲ ಅಂಗಳದಲ್ಲಿ ಸಾಲಾಗಿ ಊಟಕ್ಕೆ ಕುಳಿತೆವು. ಹೋಳಿಗೆ, ಸಜ್ಜಿ ರೊಟ್ಟಿ, ಎಣಗಾಯಿ. ದೂರದ ಗೇಟಿಗೆ ಕಾಕಾ ಕೈಯಾರೆ ಕಟ್ಟಿದ ಮೊದಲ ದೀಪವಿದೆ. ಎಲ್ಲರೂ ಒಳಗೆ ಬಂದ ಮೇಲೆ ಅದು ಆರಿತ್ತು. ಮಗ ಎರಡನೇ ಹೋಳಿಗೆಗೆ ಕೈಚಾಚಿದಾಗ ಮತ್ತೆ ಹೊತ್ತಿತು.

ಗೇಟಿನಲ್ಲಿ ಯಾರೂ ಇಲ್ಲ. ನಾಯಿಯೂ ಇಲ್ಲ.

ನಾನು ಎದ್ದು ಇನ್ನೊಂದು ತಾಟು ತಂದಿಟ್ಟೆ. ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದೆ.

"ತಡಾ ಮಾಡಿದ್ರಿ ಕಾಕಾ. ಬರ್ರಿ, ಕುಂಡ್ರಿ."

ಮೊಮ್ಮಗಳು ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು. ಗೇಟಿನ ದೀಪ ಆರಿತು. ನಾವೆಲ್ಲ ಕೂಡಿ ಉಂಡೆವು.