ಸಮ ಭಿನ್ನರಾಶಿ ಅಂದರೇನು ಸಾರ್

ಚಿನಕುರಳಿ ಕಡೆಯ ಶಾಲೆಯೊಂದರಲ್ಲಿ ನಾನು ಆರನೇ ತರಗತಿ ಓದುತ್ತಿದ್ದಾಗ, ಗಣಿತದ ಮೇಷ್ಟ್ರು ನನ್ನನ್ನು ಕರೆದು ಬೋರ್ಡಿನ ಮೇಲೆ ಒಂದು ಸಮ ಭಿನ್ನರಾಶಿ ಬರೆಯಲು ಹೇಳಿದರು. ಸಮ ಅಂದಮೇಲೆ ಎರಡೂ ಒಂದೇ ಇರಬೇಕಲ್ಲ ಎಂದುಕೊಂಡು ಮೇಲೆ ನಾಲ್ಕು, ಕೆಳಗೆ ನಾಲ್ಕು ಬರೆದೆ. ಸಮಬಾಹು ತ್ರಿಭುಜಕ್ಕೆ ಮೂರು ಬಾಹುಗಳೂ ಸಮ ಎಂದು ಹೇಳಿಕೊಟ್ಟವರು ಅವರೇ.

ಆಗಷ್ಟೇ ಮುಡಿ ಕೊಟ್ಟು ಬಂದಿದ್ದೆ. ಮೇಷ್ಟ್ರು ನನ್ನ ತಲೆಯ ಮೇಲೆ ಡಸ್ಟರು ಕುಟ್ಟಿ, "ಮೇಲೂ ಬೋಳು, ಒಳ್ಗೂ ಬೋಳು. ಸಮ ಅಂದ್ರೆ ಇದು ಕಣ್ರಲಾ" ಎಂದರು. ತರಗತಿಯೆಲ್ಲ ನಕ್ಕಿತು. ಮೇಲಿನ ಅಂಕಿ ಚಿಕ್ಕದಿದ್ದರೆ ಸಮ, ಇಲ್ಲದಿದ್ದರೆ ವಿಷಮ ಎಂಬುದು ಆಮೇಲೆ ತಿಳಿಯಿತು. ಕೂದಲು ಬೆಳೆದರೂ 'ಸಮ' ಎಂಬ ಅಡ್ಡಹೆಸರು ಹೋಗಲಿಲ್ಲ. ಡೈರಿಗೆ ಹಾಲು ಹಾಕಲು ಹೋದ ಅವ್ವನನ್ನೂ "ಸಮನ ಅವ್ವ ಬಂದ್ಲು" ಅನ್ನುತ್ತಿದ್ದರು.

ನಾನು ಗಣಿತದ ಟೀಚರೇ ಆದೆ. ಹೋದ ವರ್ಷ ಕೆ.ಆರ್. ಪೇಟೆಯಲ್ಲಿ ನಮಗೆ ತರಬೇತಿ ಇತ್ತು. ಪಾಠ ಮಾಡಲು ಬಂದವರು ನಿವೃತ್ತರಾಗಿದ್ದ ಅದೇ ಮೇಷ್ಟ್ರು. ಭಿನ್ನರಾಶಿ ಬರುವವರೆಗೆ ಕಾದು ಎದ್ದು ನಿಂತೆ.

"ಸಾರ್, ಸಮ ಸಂಖ್ಯೆ ಅಂದ್ರೆ?"

"ಎರಡರಿಂದ ಭಾಗ ಹೋಗೋದು."

"ಸಮಬಾಹು ಅಂದ್ರೆ?"

"ಬಾಹುಗಳೆಲ್ಲ ಒಂದೇ ಅಳತೆ."

"ಅಂಗಾದ್ರೆ ಮೂರನೇ ಒಂದು ಯಾವ ಲೆಕ್ಕದಲ್ಲಿ ಸಮ? ಒಂದು, ಮೂರು ಎರಡೂ ಬೆಸ, ಒಂದೇ ಅಂಕಿನೂ ಅಲ್ಲ. ಮೇಲೆ ಕೆಳಗೆ ನಾಲ್ಕೇ ಇದ್ರೆ ಅದು ವಿಷಮ. ಯಾಕೆ ಸಾರ್?"

"ಪುಸ್ತಕದಲ್ಲಿ ಅಂಗೈತೆ ಮೇಡಂ."

"ಪುಸ್ತಕದಲ್ಲಿರೋದು ಗೊತ್ತು. ಯಾಕೆ ಅಂತ ಕೇಳ್ದೆ."

ಅವರು ಬೋರ್ಡು ನೋಡಿದರು, ಕನ್ನಡಕ ತೆಗೆದು ಒರೆಸಿದರು. ನಾನು ಕೂರಲಿಲ್ಲ. ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಹಾಲ್ ಪೂರ್ತಿ ನಕ್ಕಿತು. ಹೊಟ್ಟೆ ತಣ್ಣಗಾಯಿತು.

"ಗೊತ್ತಿಲ್ಲ ಮೇಡಂ" ಎಂದರು ಕೊನೆಗೆ. ಆಗ ಕೂತೆ.

ಟೀ ಹೊತ್ತಿಗೆ ಹುಡುಕಿಕೊಂಡು ಬಂದರು. "ಯಾವೂರವ್ವ ನಿಂದು?"

ಊರು ಹೇಳಿದೆ, ಬೋಳು ತಲೆಯನ್ನೂ ಡಸ್ಟರನ್ನೂ ನೆನಪಿಸಿದೆ. ಅವರಿಗೆ ಏನೂ ನೆನಪಿರಲಿಲ್ಲ. ನನಗೆ ಅದೇ ಹೆಚ್ಚು ಉರಿಯಿತು.

"ಮಕ್ಳು ಅಂದ್ಮೇಲೆ ಒಂದು ಮಾತು ಅಂದಿರ್ತೀವಿ. ಅದ್ನ ಇಷ್ಟು ದಿನ ಮನಸಲ್ಲಿ ಮಡಿಕತಾರೇನವ್ವ?"

"ಮಡಿಕಂಡಿದ್ದೀನಿ ಸಾರ್."

ಅವರು ಅರ್ಧ ಕುಡಿದ ಲೋಟ ಇಟ್ಟು ಹೋದರು. ಮಧ್ಯಾಹ್ನದ ಪಾಠಕ್ಕೆ ಬೇರೊಬ್ಬರು ಬಂದರು. "ವಯಸ್ಸಾದೋರು, ಪಾಪ ಅನ್ನಿಸ್ನಿಲ್ವಾ?" ಎಂದು ಪಕ್ಕದ ಟೀಚರು ಕೇಳಿದರು. ಇಲ್ಲ ಅಂದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.