ಅಡಿಗೆಮನೆಯಲ್ಲಿ ಮಾವನ ಗಿಟಾರ್

ಸೋದರಮಾವನ ಮಗಳು ಮದುವೆಯಾಗಿ ಭಟ್ಕಳದ ಗಂಡನ ಮನೆಗೆ ಹೋದ ಮೇಲೆ ಒಂದು ದಿನ ನನಗೆ ಫೋನ್ ಮಾಡಿದಳು. ವೀಡಿಯೊದವರು ಮದುವೆ ಸಿ.ಡಿ.ಗೆ ಸಿನಿಮಾ ಹಾಡು ಹಾಕಲು ಹೊರಟಿದ್ದಾರೆ, ಅದರ ಬದಲು ಅಪ್ಪ ಬಾರಿಸುತ್ತಿದ್ದದ್ದು ಬೇಕು, ನೀವೇ ರೆಕಾರ್ಡ್ ಮಾಡಿಕೊಡಬೇಕು ಬಾವ ಅಂದಳು. ನನ್ನ ಮನೆಯಲ್ಲಿ ಕಂಪ್ಯೂಟರ್ ಇದೆ ಎನ್ನುವುದೊಂದೇ ಅವಳ ಧೈರ್ಯ. ಆಗೆಲ್ಲ ಕಂಪ್ಯೂಟರ್ ಇದ್ದವನಿಗೆ ಎಲ್ಲವೂ ಬರುತ್ತದೆ ಎಂದು ಜನ ತಿಳಿದಿದ್ದರು. ನಾನೂ ಹಾಗೇ ತಿಳಿದು ಆತು ಅಂದುಬಿಟ್ಟೆ.

ಮಾವ ಹೊನ್ನಾವರದವನು. ಹರೆಯದಲ್ಲಿ ಗೋವಾದ ಬೋಟುಗಳಲ್ಲಿ ಮೀನುಗಾರಿಕೆಗೆ ಹೋಗಿ, ಅಲ್ಲಿಂದ ಗಿಟಾರ್ ಕಲಿತು ಬಂದಿದ್ದ. ಆಮೇಲೆ ಹಲವು ವರ್ಷ ನಮ್ಮ ಕಡೆಯ ಒಂದು ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸಿದ. ಒಂದು ಹಾಡು ಮುಗಿದು ಗಾಯಕರು ನೀರು ಕುಡಿಯುವಾಗ, ಸ್ಟೇಜು ಖಾಲಿ ಅನ್ನಿಸಬಾರದೆಂದು ಮಾವ ತನ್ನದೇ ಒಂದು ರಾಗ ಬಾರಿಸುತ್ತಿದ್ದ. ಅದಕ್ಕೆ ಹೆಸರಿರಲಿಲ್ಲ. ಸಣ್ಣವಳಿದ್ದಾಗ ಮಗಳು ಸ್ಟೇಜಿನ ಹಿಂದೆ ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದಳು. ಈಗ ಅವಳು ಕೇಳಿದ್ದು ಅದನ್ನೇ.

ಗಿಟಾರನ್ನು ಕಂಪ್ಯೂಟರಿಗೆ ಜೋಡಿಸಲು ಒಂದು ಯು.ಎಸ್.ಬಿ. ಡಬ್ಬಿ ಸಿಗುತ್ತದೆ ಎಂದು ಗೊತ್ತಾಗಿ, ಮಂಗಳೂರಿಗೆ ಹೋಗಿದ್ದ ಸಹೋದ್ಯೋಗಿಯೊಬ್ಬರ ಕೈಯಲ್ಲಿ ತರಿಸಿದೆ. ಸಾಬೂನಿನ ಪೆಟ್ಟಿಗೆಯಷ್ಟೇ ದೊಡ್ಡದು. ಒಂದು ಬದಿಗೆ ಗಿಟಾರಿನ ವಯರು, ಇನ್ನೊಂದು ಬದಿಗೆ ಕಂಪ್ಯೂಟರಿನದು. ಸಿಕ್ಕಿಸಿದ ಕೂಡಲೇ ಕೆಂಪು ದೀಪ ಹತ್ತಿತು. ಕೆಲಸ ಮುಗಿಯಿತು ಅಂದುಕೊಂಡೆ. ಆದರೆ ಕಂಪ್ಯೂಟರಿಗೆ ಅದರ ಗುರುತೇ ಸಿಗಲಿಲ್ಲ. ಗುರುತು ಹೇಳಿಕೊಡುವ ಡ್ರೈವರ್ ಎಂಬ ತಂತ್ರಾಂಶ ಜೊತೆಗೆ ಬಂದ ಸಿ.ಡಿ.ಯಲ್ಲಿತ್ತು, ಆ ಸಿ.ಡಿ.ಯನ್ನು ನನ್ನ ಕಂಪ್ಯೂಟರ್ ಓದಲೊಲ್ಲದು. ಒಳಗೆಳೆದುಕೊಳ್ಳುವುದು, ಗರ್ ಎನ್ನುವುದು, ಹೊರಗೆ ದೂಡುವುದು. ಬನಿಯನ್ನಿನಿಂದ ಒರೆಸಿ ಹಾಕಿದೆ, ತಲೆಕೆಳಗಾಗಿ ಕೂಡ ಹಾಕಿ ನೋಡಿದೆ. ಕೊನೆಗೆ ಕುಮಟಾ ಪೇಟೆಯ ಸೈಬರ್ ಕೆಫೆಯಲ್ಲಿ ಅದನ್ನು ಡೌನ್‌ಲೋಡ್ ಮಾಡಲು ಕೂತರೆ, ಮುಗಿಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮತ್ತೆ ಮೊದಲಿನಿಂದ. ಪೆನ್ ಡ್ರೈವಿನಲ್ಲಿ ಡ್ರೈವರಿನ ಜೊತೆ ವೈರಸ್ಸೂ ಮನೆಗೆ ಬಂತು. ಅದನ್ನು ಓಡಿಸುವ ಕತೆಯೇ ಬೇರೆ, ಬಿಡಿ.

ಅಂತೂ ಒಂದು ಭಾನುವಾರ ಬೆಳಿಗ್ಗೆ ಮಾವ ಗಿಟಾರ್ ಹೆಗಲಿಗೆ ಹಾಕಿಕೊಂಡು ಹೊನ್ನಾವರದ ಬಸ್ಸಿನಲ್ಲಿ ಬಂದಿಳಿದ. ಚಹ ಕುಡಿದು, ತಂತಿ ಶ್ರುತಿ ಮಾಡಿ, ಒಂದೇ ಸಲಕ್ಕೆ ಸರಾಗವಾಗಿ ಬಾರಿಸಿ ಮುಗಿಸಿದ. ನಾನು ಹೆಮ್ಮೆಯಿಂದ ಅದನ್ನು ತಿರುಗಿ ಹಾಕಿದೆ. ಕೇಳಿದ್ದು ನನ್ನ ಹೆಂಡತಿಯ ದನಿ. ಬಾಗಿಲಿಗೆ ಬಂದ ಮೀನಿನವಳ ಹತ್ತಿರ, ಈ ಬಂಗಡೆ ನಿನ್ನೆಯದೋ ಮೊನ್ನೆಯದೋ ಎಂದು ಅವಳು ಜಗಳ ತೆಗೆದಿದ್ದಳು. ಗಿಟಾರು ಎಲ್ಲೋ ದೂರದಲ್ಲಿ, ಸೊಳ್ಳೆ ಹಾಡಿದಷ್ಟು. ಕಂಪ್ಯೂಟರ್ ಇಷ್ಟೆಲ್ಲ ಖಟಪಟಿಯಿಂದ ಬಂದ ಡಬ್ಬಿಯನ್ನು ಬಿಟ್ಟು, ಮಾನಿಟರಿನ ಮೇಲೆ ಕೂರಿಸಿದ್ದ ವೆಬ್ ಕ್ಯಾಮರಾದ ಮೈಕಿನಿಂದ ದನಿ ತೆಗೆದುಕೊಂಡಿತ್ತು. ಮಾವ ಪೂರ್ತಿ ಕೇಳಿದ. ಬಂಗಡೆ ತಾಜಾ ಇಲ್ಲದಿದ್ದರೆ ತೆಗೆದುಕೊಳ್ಳಬಾರದಿತ್ತು ಎಂದಷ್ಟೇ ಹೇಳಿದ.

ಸೆಟ್ಟಿಂಗ್ ಹುಡುಕಿ ಡಬ್ಬಿಯನ್ನೇ ಆರಿಸಿದೆ. ಈಗ ಗಿಟಾರು ಬಂತು, ಅದರ ಬೆನ್ನಿಗೆ ಗುಂಯ್ ಎಂಬ ಸದ್ದೂ ಬಂತು, ದೊಡ್ಡ ಹೆಜ್ಜೇನು ಗೂಡಿನ ಹಾಗೆ. ಮಾವ ತಂತಿ ಮುಟ್ಟಿದರೆ ಸದ್ದು ಕಡಿಮೆ, ಕೈ ಎತ್ತಿದರೆ ಜೋರು. ಸ್ವಲ್ಪ ಹೊತ್ತಿಗೆ ಅವನು ಬೆರಳು ಕೊಡವಿಕೊಂಡ.

"ಇದು ಜುಂ ಅಂತದೆ ತಮಾ. ಕರೆಂಟು ಬತ್ತಾ ಇದೆ."

ಅದು ಬಾಡಿಗೆ ಮನೆ. ಕಂಪ್ಯೂಟರ್ ಇದ್ದ ಕೋಣೆಯ ಪ್ಲಗ್ಗಿಗೆ ಮೂರು ತೂತು ಇದ್ದವು, ಮೂರನೆಯದಕ್ಕೆ ಒಳಗೆ ವಯರೇ ಇರಲಿಲ್ಲ. ಅರ್ಥಿಂಗ್ ಸರಿಯಿದ್ದದ್ದು ಅಡಿಗೆಮನೆಯಲ್ಲಿ ಗ್ರೈಂಡರಿನ ಪ್ಲಗ್ಗಿಗೆ ಮಾತ್ರ. ಹಾಗಾಗಿ ಕಂಪ್ಯೂಟರನ್ನು ಎತ್ತಿಕೊಂಡು ಹೋಗಿ ಅಡಿಗೆಕಟ್ಟೆಯ ಮೇಲೆ ಇಟ್ಟೆ. ಮಾನಿಟರು ಅಂದರೆ ಆಗಿನ ದೊಡ್ಡ ಹೊಟ್ಟೆಯದು, ಒಲೆಯ ಅರ್ಧ ಜಾಗವನ್ನು ಅದೇ ತಿಂದಿತು. ಹೆಂಡತಿ ಮಸಾಲೆಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು.

"ನಾ ಈಗ ಎಲ್ಲಿ ರುಬ್ಬಬೇಕು? ಎಂತ ಹಚ್ಚಿದ್ರಿ ನೀವು?"

ನಾನು ಗಿಟಾರಿನ ವಯರು ಸಿಕ್ಕಿಸಿದೆ. ಗುಂಯ್ ಸದ್ದು ನಿಂತಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಆಮೇಲೆ ಆದದ್ದೇ ನಿಜವಾದ ತೊಂದರೆ. ಮಾವನ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವನು ಬಾರಿಸತೊಡಗಿದ, ನಿಧಾನ ಮಾಡಿದ, ಇನ್ನೂ ನಿಧಾನ ಮಾಡಿದ, ನಿಲ್ಲಿಸಿದ. ಮತ್ತೆ ಶುರು ಮಾಡಿದ, ಮತ್ತೆ ನಿಲ್ಲಿಸಿದ. ಗಲ್ಫಿನ ಫೋನಿನಲ್ಲಿ ನಮ್ಮ ಮಾತೇ ನಮಗೆ ತಿರುಗಿ ಕೇಳುತ್ತಿತ್ತಲ್ಲ, ಹಾಗೆ ಅವನು ಬಾರಿಸಿದ್ದು ಕಂಪ್ಯೂಟರಿನೊಳಗೆ ಸುತ್ತಿ ಒಂದು ಚೂರು ತಡವಾಗಿ ಅವನ ಕಿವಿಗೆ ಬರುತ್ತಿತ್ತು. ಮಾವನಿಗೆ ಆಗಲೇ ಬೆರಳ ಗಂಟುಗಳು ಬಿಗಿದು ನೋಯುತ್ತಿದ್ದವು. ಅವನು ಎಡಗೈಯನ್ನು ಮುಂದೆ ಹಿಡಿದು ನೋಡಿಕೊಂಡ.

"ಬೆರಳು ತಡ ಆಗ್ತಾ ಇದೆ" ಎಂದ.

ಬೆರಳಲ್ಲ ಮಾವ, ಈ ಹಾಳು ಕಂಪ್ಯೂಟರು ಎಂದೆ. ಅದರ ಶಕ್ತಿ ಸಾಲದು, ಅದಕ್ಕೆ ಉಸಿರು ಕಟ್ಟುತ್ತಿದೆ ಎಂದು ಬಗೆಬಗೆಯಾಗಿ ವಿವರಿಸಿದೆ. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದೇ ಅವನು ನಂಬಿದ. ಊಟವನ್ನೂ ಸರಿಯಾಗಿ ಮಾಡದೆ ಗಿಟಾರ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದ. ನಾನು ಆ ಡಬ್ಬಿಯನ್ನು ಬಾವಿಗೆ ಎಸೆಯಬೇಕು ಅನ್ನುವಷ್ಟು ಸಿಟ್ಟಿನಲ್ಲಿದ್ದೆ. ಹೆಂಡತಿ ಕಂಪ್ಯೂಟರಿನದನ್ನು ಕಿತ್ತು ಗ್ರೈಂಡರಿನ ಪ್ಲಗ್ ಸಿಕ್ಕಿಸಿಕೊಂಡಳು.

ವಾರ ಕಳೆದು ಹೊನ್ನಾವರಕ್ಕೆ ಹೋದೆ. ಅಂದಿನಿಂದ ಗಿಟಾರ್ ಚೀಲದಿಂದ ಹೊರಗೆ ಬಂದಿಲ್ಲ ಎಂದು ಅತ್ತೆ ಹೇಳಿದಳು. ಮಾವ ಬಂದರಿನ ಹತ್ತಿರ ಬಲೆ ಬಿಡಿಸುತ್ತ ಕೂತಿದ್ದ. ನೀನು ಬಾರಿಸುವುದು ಬೇಡ, ಬಂದು ಸುಮ್ಮನೆ ನೋಡು ಸಾಕು ಎಂದು ಗೋಗರೆದು, ಗಿಟಾರ್ ಚೀಲವನ್ನು ನಾನೇ ಹೊತ್ತು ಕರೆತಂದೆ. ಕಂಪ್ಯೂಟರ್ ಮತ್ತೆ ಅಡಿಗೆಕಟ್ಟೆ ಏರಿತು. ಹೆಡ್‌ಫೋನನ್ನು ಮಾವನ ಕಿವಿಗೆ ಹಾಕಿ, ಗಿಟಾರನ್ನು ನಾನೇ ಹಿಡಿದುಕೊಂಡು, ನನ್ನ ಬೆರಳನ್ನೇ ನೋಡು ಎಂದು ಹೇಳಿ ಒಂದು ತಂತಿ ಮೀಟಿದೆ. ಅವನು ಕಣ್ಣು ಕಿರಿದು ಮಾಡಿದ. ಇನ್ನೊಮ್ಮೆ ಎಂದು ಸನ್ನೆ ಮಾಡಿದ. ಮೀಟಿದೆ.

"ಕಣ್ಣಿಗೆ ಮೊದ್ಲು, ಕಿವಿಗೆ ಮತ್ತೆ" ಎಂದ. ಆಮೇಲೆ ನಗತೊಡಗಿದ. "ನಿಂದೂ ತಡ ಆಗ್ತದೆ!"

ಹೆಡ್‌ಫೋನ್ ಕಿತ್ತು ಸಾಸಿವೆ ಡಬ್ಬಿಯ ಪಕ್ಕ ಇಟ್ಟು, ಗಿಟಾರನ್ನು ನನ್ನ ಕೈಯಿಂದ ತೆಗೆದುಕೊಂಡ. ಕಂಪ್ಯೂಟರಿನ ಕಡೆ ನೋಡಲೇ ಇಲ್ಲ. ತಲೆ ಬಾಗಿಸಿ ಕಿವಿಯನ್ನು ಗಿಟಾರಿನ ಮರಕ್ಕೆ ತಾಗಿಸಿಕೊಂಡು, ಬರಿ ತಂತಿಯ ಸಣ್ಣ ಸದ್ದನ್ನು ಕೇಳುತ್ತ ಬಾರಿಸಿದ. ನಡುವೆ ಒಂದು ಕಡೆ ಬೆರಳು ಜಾರಿತು, ಹೋಗಲಿ ಎಂದು ಮುಂದುವರಿಸಿದ. ರೆಕಾರ್ಡ್ ಒತ್ತಿದ ನಾನು ಕರೆಂಟು ಹೋಗದಿರಲಿ ಎಂದು ಸ್ವಿಚ್ಚನ್ನೇ ನೋಡುತ್ತ ನಿಂತಿದ್ದೆ, ರಾಗ ಅರ್ಧಕ್ಕರ್ಧ ನನ್ನ ಕಿವಿಗೆ ಬೀಳಲೇ ಇಲ್ಲ.

ಸಿ.ಡಿ. ಮಾಡಿ ಭಟ್ಕಳಕ್ಕೆ ಒಯ್ದು ಕೊಟ್ಟೆ. ವೀಡಿಯೊದವನು ಅದನ್ನು ಮಗಳನ್ನು ಕಳಿಸಿಕೊಡುವ ಕಡೆ ಹಾಕಲಿಲ್ಲ, ಊಟದ ಪಂಕ್ತಿಗೆ ಹಾಕಿದ. ಅಳುವ ಕಡೆ ಅಳುವ ಹಾಡೇ ಇರಬೇಕು ಎಂಬುದು ಅವನ ಲೆಕ್ಕ. ಜನ ಪಾಯಸ ಸುರಿಯುತ್ತಿರುವುದರ ಮೇಲೆ ಮಾವನ ಗಿಟಾರು. ನಾನು ಸಿಟ್ಟಿನಿಂದ ಮಾವನ ಮಗಳಿಗೆ ಫೋನ್ ಮಾಡಿದರೆ, ಅವಳು ಆ ಭಾಗವನ್ನೇ ಎರಡನೆಯ ಸಲ ನೋಡುತ್ತಿದ್ದಳು. ಬಿಡಿ ಬಾವ, ಚೆನ್ನಾಗಿದೆ ಎಂದಳು. ದನಿ ಒದ್ದೆಯಾಗಿತ್ತು.

ಮಾವನಿಗೆ ಮಾತ್ರ ಆ ಜಾರಿದ ಬೆರಳು ಸಮಾಧಾನ ಕೊಡಲಿಲ್ಲ. ಇನ್ನೊಮ್ಮೆ ಬಾರಿಸುತ್ತೇನೆ ಎಂದು ಕಂಡಾಗಲೆಲ್ಲ ಹೇಳುತ್ತಿದ್ದ. ಕೆಲವು ವರ್ಷದ ಮೇಲೆ ನಾನು ಹೊಸ ಕಂಪ್ಯೂಟರ್ ತಂದು ಅವನನ್ನು ಕರೆಸಿದೆ. ಡಬ್ಬಿ ಸಿಕ್ಕಿಸಿದರೆ ಕೆಂಪು ದೀಪ ಹತ್ತಿತು, ಕಂಪ್ಯೂಟರಿಗೆ ಗುರುತು ಸಿಗಲಿಲ್ಲ. ಹಳೆಯ ಡ್ರೈವರ್ ಇದಕ್ಕೆ ಆಗುವುದಿಲ್ಲ, ಹೊಸತನ್ನು ಯಾರೂ ಮಾಡಿಲ್ಲ. ನಾನು ಮಂಗಳೂರಿನ ಅಂಗಡಿಗೆ ಫೋನ್ ಹಚ್ಚಿ ಕಿರುಚಾಡುತ್ತಿದ್ದೆ. ಮಾವ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಅದೇ ರಾಗ ಬಾರಿಸತೊಡಗಿದ್ದ. ಅಂಗಡಿಯವನ ಮಾತು ಕೇಳುತ್ತಿಲ್ಲ, ಒಂಚೂರು ಮೆಲ್ಲಗೆ ಎಂದು ಕೈಸನ್ನೆ ಮಾಡಿದೆ. ಅವನು ಬಾರಿಸುತ್ತಲೇ ಹೋದ.