ಬೇಡಿ ತಂದ ಅಂಗಿಗಳ ಕೌದಿ

೧೯೯೮ರ ಡಿಸೆಂಬರ್ ಹದಿಮೂರು, ಭಾನುವಾರ. ಬೇಲೂರಿನಲ್ಲಿ ಬೆಳಗಿನ ಮಂಜು ಒಂಬತ್ತು ಗಂಟೆಯಾದರೂ ಕರಗಲಿಲ್ಲ. ಕರಗಿದ ಮೇಲೂ ಬಿಸಿಲಿಗೆ ಕಾವು ಬರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ರಮಾ ಅಂದು ಅಟ್ಟದಿಂದ ಟ್ರಂಕು ಇಳಿಸಿ, ಮಗಳು ಎಳೆಗೂಸಾಗಿದ್ದಾಗ ತೊಟ್ಟ ಬಟ್ಟೆಗಳನ್ನೆಲ್ಲ ಜಗಲಿಯ ಚಾಪೆಯ ಮೇಲೆ ಹರಡಿದಳು. ಮಗಳಿಗೆ ಐದು ತುಂಬಿತ್ತು. ಗಿಡ್ಡವಾದ ಆ ಬಟ್ಟೆಗಳನ್ನು ಕೂಡಿಸಿ ಒಂದು ಕೌದಿ ಹೊಲಿಸಬೇಕು, ಅವಳು ದೊಡ್ಡವಳಾದ ಮೇಲೂ ಅದು ನೆನಪಿಗೆ ಉಳಿಯಬೇಕು ಎಂಬುದು ರಮಾಳ ಆಸೆ.

ಹೊಲಿಯಲು ಬಂದವಳು ಹಿಂದಿನ ಬೀದಿಯ ಸಣ್ಣತಾಯಮ್ಮ. ಎಪ್ಪತ್ತರ ಹತ್ತಿರದ ಮುದುಕಿ. ಸೂಜಿಗೆ ದಾರ ಪೋಣಿಸಲು ಮಾತ್ರ ಅವಳಿಗೆ ಇನ್ನೊಬ್ಬರ ಕಣ್ಣು ಬೇಕಿತ್ತು. ಉಳಿದದ್ದನ್ನು ಬೆರಳೇ ನೋಡಿಕೊಳ್ಳುತ್ತಿತ್ತು.

ಆ ಟ್ರಂಕಿನಲ್ಲಿ ಅಂಗಡಿಯಿಂದ ಕೊಂಡು ತಂದ ಬಟ್ಟೆ ಒಂದೂ ಇರಲಿಲ್ಲ. ರಮಾಳ ಮೊದಲೆರಡು ಕೂಸುಗಳು ತಿಂಗಳು ತುಂಬುವ ಮೊದಲೇ ಹೋಗಿದ್ದವು. ಮೂರನೆಯದು ಹುಟ್ಟಿದಾಗ ಅತ್ತೆ ಮುದ್ದಮ್ಮ, ಸೊಸೆಯ ಬಿ.ಎ. ಡಿಗ್ರಿಯನ್ನು ಲೆಕ್ಕಕ್ಕಿಡದೆ, ಹಿಂದಿನವರು ಮಾಡುತ್ತಿದ್ದುದನ್ನೆಲ್ಲ ಮಾಡಿದಳು. ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿದಳು. ಒಂದು ಮೊರ ತೌಡಿಗೆ ಅದನ್ನು ಸಣ್ಣತಾಯಮ್ಮನಿಗೆ ಮಾರಿ, ಸಾಕಿಕೊಡುವ ನೆಪದಲ್ಲಿ ಮತ್ತೆ ಎತ್ತಿಕೊಂಡಳು. ದಿವ್ಯಶ್ರೀ ಎಂಬ ಹೆಸರು ಶಾಲೆಯ ದಾಖಲೆಗಷ್ಟೇ. ಮನೆಯಲ್ಲಿ ಅವಳು ತಿಪ್ಪಿ. ಜೊತೆಗೆ, ಮಕ್ಕಳು ಗಟ್ಟಿಮುಟ್ಟಾಗಿದ್ದ ಐದು ಮನೆಗಳಿಂದ ಹಳೆಯ ಅಂಗಿಗಳನ್ನು ಬೇಡಿ ತಂದು ತೊಡಿಸಿದಳು. ಸಾವು ಹುಡುಕಿಕೊಂಡು ಬಂದರೂ ಇದು ಯಾವ ಮನೆಯ ಕೂಸೆಂದು ಅದಕ್ಕೆ ಗುರುತು ಹತ್ತಬಾರದು. ಬೇಡಿ ತಂದ ಬಟ್ಟೆಗೆ ಒಂದು ಕಟ್ಟುಪಾಡಿತ್ತು: ಕೊಟ್ಟವರು ತಿರುಗಿ ಕೇಳಬಾರದು, ತಂದವರು ತಿರುಗಿ ಕೊಡಬಾರದು. ಕೊಟ್ಟರೆ ಅದರೊಡನೆ ಬಂದ ಆಯುಸ್ಸೂ ಹೊರಟುಹೋಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಎರಡು ಸಾಲು ಚೌಕಗಳು ಕೂಡಿದ್ದವು. ಹಸಿರು ಗಿಣಿಗಳ ಅಚ್ಚಿದ್ದ ಹಳದಿ ಅಂಗಿಯೊಂದರ ಬೆನ್ನನ್ನು ಕತ್ತರಿಸಿ ಕೌದಿಯ ನಡುವಿಗೆ ಹೊಲಿದ ಮೇಲೆ, ಉಳಿದ ತುಂಡನ್ನು ಸವರುತ್ತಿದ್ದ ಸಣ್ಣತಾಯಮ್ಮನ ಬೆರಳು ಎದೆಯ ಹತ್ತಿರ ನಿಂತಿತು. ಅಲ್ಲಿ ಕೆಂಪು ದಾರದ ತೇಪೆಯಿತ್ತು.

“ಅಯ್ಯೋ ಶಿವನೇ, ಇದು ಗೆಂಡೆಹಳ್ಳಿ ಅಣ್ಣಮ್ಮಂದಲ್ವಾ? ನಾನೇ ನಿಮ್ಮತ್ತೆ ಜೊತೆ ಹೋಗಿ ಇಸ್ಕಂಡ್ ಬಂದಿದ್ದು. ಪಾಪ, ಆ ಮಗು ಉಳೀಲಿಲ್ಲ ಕಣವ್ವ.”

“ಯಾವ ಮಗು?” ಎಂದಳು ರಮಾ.

“ಇದನ್ನ ಹಾಕ್ಕಂಡಿದ್ ಹೆಣ್ ಕೂಸು. ಇಂದು ಅಂತ. ನಾವ್ ತಂದ ಮುಂದಿನ್ ಮಳೆಗಾಲದಲ್ಲಿ ವಾಂತಿ ಭೇದಿ ಆಗಿ ಹೋಯ್ತು. ಹಾಕಿದ್ದು ಹೊದ್ದಿದ್ದು ಎಲ್ಲಾನೂ ಜೊತೇಲೇ ಮಣ್ಣು ಮಾಡುದ್ರಂತೆ. ಒಂದ್ ಚಿಂದಿನೂ ಉಳ್ಸಲಿಲ್ವಂತೆ.”

ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಮುದ್ದಮ್ಮ ಮೊರದಿಂದ ತಲೆ ಎತ್ತಲಿಲ್ಲ. “ಮೊದ್ಲು ನಿನ್ ಬಾಯ್ಗೆ ನಾಲ್ಕ್ ಹೊಲಿಗೆ ಹಾಕ್ಕಳೇ” ಎಂದಳು. ಅವಳಿಗೆ ನಾಲ್ಕು ವರ್ಷದಿಂದ ಗೊತ್ತಿತ್ತು.

ಮರುದಿನ ರಮಾ ಕಚೇರಿಯ ಬೀರುವಿನಿಂದ ೧೯೯೪ರ ಮರಣದ ರಿಜಿಸ್ಟರನ್ನು ತೆಗೆದಳು. ಇಂದು, ಹೆಣ್ಣು, ಎರಡು ವರ್ಷ, ತಂದೆ ಜವರಣ್ಣ, ಗೆಂಡೆಹಳ್ಳಿ; ಜುಲೈ ಹನ್ನೆರಡು. ಅಕ್ಷರ ಅವಳದೇ ಆಗಿತ್ತು. ಹಳ್ಳಿಗಳಿಂದ ಬರುತ್ತಿದ್ದ ವರದಿಗಳನ್ನು ಆ ವರ್ಷ ನಕಲು ಮಾಡಿದವಳು ಅವಳೇ. ಎಲ್ಲಿಯೂ ತಿದ್ದಿರಲಿಲ್ಲ, ಶಾಯಿ ಹರಡಿರಲಿಲ್ಲ. ಮನೆಗೆ ಬಂದವಳು ಗೋಡೆಯ ಮೇಲಿದ್ದ ತಿಪ್ಪಿಯ ಚಿತ್ರವನ್ನು ಇಳಿಸಿ ನೋಡಿದಳು. ಗಿಣಿ ಅಂಗಿ ತೊಟ್ಟು ನಗುತ್ತಿದ್ದ ಮಗುವಿನ ಆ ಚಿತ್ರದ ಹಿಂದೆ ಸ್ಟುಡಿಯೋದವರು ಬರೆದ ದಿನಾಂಕ: ಅದೇ ವರ್ಷದ ಜೂನ್ ಇಪ್ಪತ್ತನಾಲ್ಕು. ಹದಿನೆಂಟು ದಿನಗಳ ಅಂತರ. ಆ ಸಂಜೆ ಅಂಗಳದಲ್ಲಿ ಬೆನ್ನು ತಿರುಗಿಸಿ ಆಡುತ್ತಿದ್ದ ಮಗಳನ್ನು ಊಟಕ್ಕೆ ಕರೆಯಹೋದಾಗ ರಮಾಳ ಬಾಯಿಗೆ ಇನ್ನೊಂದು ಹೆಸರು ಬಂದು ನಿಂತಿತು. ಅವಳು ಕರೆಯದೆ, ಹತ್ತಿರ ಹೋಗಿ ಕೈ ಹಿಡಿದು ಎಬ್ಬಿಸಿಕೊಂಡು ಬಂದಳು.

“ಅತ್ತೆ, ಆ ತಾಯಿ ಹತ್ರ ಮಗಳದು ಅಂತ ಒಂದು ಚೂರೂ ಇಲ್ಲ. ಇರೋದೊಂದು ನಮ್ಮನೇಲಿದೆ. ಕೊಟ್ಟು ಬರ್ತೀನಿ.”

“ಮಗಳು ಬೇಕೋ ಚಿಂದಿ ಬೇಕೋ ನೋಡ್ಕ,” ಎಂದಳು ಮುದ್ದಮ್ಮ. “ಎರಡು ಕೂಸ್ನ ಈ ಕೈಲೇ ಮಣ್ಣಿಗಿಟ್ಟೋಳು ಹೇಳ್ತಿವ್ನಿ.”

ಹಗರೆಯಲ್ಲಿ ಮೇಷ್ಟರಾಗಿದ್ದ ಗಂಡ ಉಮಾಶಂಕರ್ “ಅಮ್ಮಂದೆಲ್ಲ ಮೂಢನಂಬಿಕೆ ಕಣೇ” ಎಂದ. ಹೋಗಿ ಬಾ ಎಂದು ಮಾತ್ರ ಹೇಳಲಿಲ್ಲ. ರಮಾ ಕೂಡ ಇದನ್ನೆಲ್ಲ ನಂಬುವವಳಲ್ಲ. ಆದರೂ ಮಂಗಳವಾರ ತಿಪ್ಪಿಯ ಮೈ ಬೆಚ್ಚಗಾದಾಗ ಗಿಣಿಯ ಚೌಕವನ್ನು ಬಿಚ್ಚಲು ಹಿಡಿದಿದ್ದ ಕತ್ತರಿಯನ್ನು ಕೆಳಗಿಟ್ಟಳು. ಎರಡು ದಿನ ಅವಳ ಕೈ ಮಗಳ ಹಣೆಯನ್ನು ಬಿಡಲಿಲ್ಲ. ಗುರುವಾರ ಜ್ವರ ಬಿಟ್ಟಿತು. ಅಂದು ಅವಳು ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ಬೆನ್ನಿನ ತುಂಡನ್ನು ಮತ್ತೆ ಅಂಗಿಗೆ ಕೂಡಿಸಿದಳು.

ಶುಕ್ರವಾರ ರಜೆ ಬರೆದುಕೊಟ್ಟು ಗೆಂಡೆಹಳ್ಳಿಯ ಬಸ್ಸು ಹತ್ತಿದಳು. ಅಣ್ಣಮ್ಮ ಊರ ಹೊರಗಿನ ಕಣದಲ್ಲಿ ರಾಗಿ ತೂರುತ್ತಿದ್ದಳು. ಗಾಳಿ ನಿಂತಿದ್ದರಿಂದ ಮೊರ ಹಿಡಿದು ಸುಮ್ಮನೆ ಕಾಯುತ್ತಿದ್ದಳು.

“ನಾನು ಬೇಲೂರು ಮುದ್ದಮ್ಮನವರ ಸೊಸೆ” ಎಂದಳು ರಮಾ.

“ಗೊತ್ತು ಕಣಕ್ಕ. ನಿಮ್ ಮಗೀನ ಎರಡ್ ಸರ್ತಿ ಸಂತೇಲಿ ನೋಡಿವ್ನಿ. ಹತ್ರ ಬರ್ಲಿಲ್ಲ. ಬಂದ್ರೆ ಕೇಳ್ದಂಗಾಯ್ತದೆ ಅಂತ.”

ರಮಾ ಕಾಗದ ಬಿಚ್ಚಿ ಅಂಗಿಯನ್ನು ತೋರಿಸಿದಳು. ಅಣ್ಣಮ್ಮ ಬಹಳ ಹೊತ್ತು ನೋಡಿದಳೇ ಹೊರತು ಮುಟ್ಟಲಿಲ್ಲ.

“ಬೆನ್ನು ಕತ್ರಿಸಿದ್ದೀರ.”

“ಗೊತ್ತಿರಲಿಲ್ಲ. ಮತ್ತೆ ಹೊಲಿದಿದ್ದೀನಿ. ತಗೊಳ್ಳಿ.”

ಅಣ್ಣಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. “ಬ್ಯಾಡ ಬ್ಯಾಡ. ವಾಪಸ್ ಕೊಡ್ಬಾರ್ದು. ನಿಮ್ದು ಒಂದಾದ್ರೂ ಉಳ್ಕಳ್ಳಿ.” ಹಾಗೆಂದವಳ ಕಣ್ಣು ಮಾತ್ರ ಕೆಂಪು ತೇಪೆಯನ್ನು ಬಿಟ್ಟು ಕದಲಲಿಲ್ಲ. ಕೈಯಲ್ಲಿದ್ದ ಮೊರವನ್ನು ಒಮ್ಮೆ ನೋಡಿಕೊಂಡು ಕೇಳಿದಳು: “ನಂಗೆ ಮಾರ್ತೀರಾ?”

“ಮಾರೋದಾ?”

“ತೌಡಿಗೆ ಮಗೀನೇ ಮಾರಿದ್ರಲ್ಲ, ಅಂಗಿ ಮಾರುದ್ರೆ ಏನು? ಕೊಟ್ರೆ ದೋಸ. ಮಾರುದ್ರೆ ಯಾಪಾರ. ಒಂದ್ ಸೇರು ರಾಗಿ ಅಳೀತೀನಿ.”

“ಅಷ್ಟು ಬೇಡ, ಅರ್ಧ ಸೇರು ಸಾಕು.”

“ಮಾರೋರೇ ರೇಟು ಇಳಿಸ್ತಾರೇನಕ್ಕ? ನೀವು ಅಂಗಡಿ ಇಟ್ರೆ ಉದ್ಧಾರ ಆದಂಗೆ!”

ಸೇರು ತುಂಬಿ, ಮೇಲೆ ರಾಶಿಯೇಳುವಂತೆ ಹಾಕಿ, ರಮಾಳ ಚೀಲಕ್ಕೆ ಸುರಿದ ಮೇಲೆಯೇ ಅವಳು ಅಂಗಿಯನ್ನು ಕೈಗೆ ತೆಗೆದುಕೊಂಡಳು. ಮುಖಕ್ಕೆ ಒತ್ತಿ ಹಿಡಿದಳು. “ನಿಮ್ ಮಗೀನ ವಾಸ್ನೆ ಐತೆ” ಎಂದಳು. ಅದನ್ನು ಮಡಿಸಿ ಕುಪ್ಪಸದೊಳಗೆ ಸೇರಿಸಿಕೊಂಡಳು. ಅಷ್ಟರಲ್ಲಿ ಗಾಳಿ ಎದ್ದಿತು. ಅವಳು ಮೊರ ಎತ್ತಿದಳು.

ಮನೆಯಲ್ಲಿ ಮುದ್ದಮ್ಮ ಎಲ್ಲವನ್ನೂ ಕೇಳಿಸಿಕೊಂಡು, “ಮಾರೋ ಮಾತು ಯಾರಾಡಿದ್ದು?” ಎಂದಳು.

“ಅವಳೇ.”

ಮುದ್ದಮ್ಮ ಚೀಲವನ್ನು ಕೈಗೆತ್ತಿಕೊಂಡು ತಾನೇ ಮಿಲ್ಲಿಗೆ ಹೋಗಿ ಹಿಟ್ಟು ಮಾಡಿಸಿ ತಂದಳು. ಆ ಹಿಟ್ಟಿನ ಮೊದಲ ಮುದ್ದೆಯನ್ನು ತಿಪ್ಪಿಯ ತಟ್ಟೆಗೆ ಇಟ್ಟಳು.

ಕೌದಿಯ ನಡುವಿಗೆ ಸಣ್ಣತಾಯಮ್ಮ ರಮಾಳ ಹಳೆಯ ಬೂದು ಸೀರೆಯ ತುಂಡನ್ನು ಹಾಕಿ ಮುಗಿಸಿದಳು. ಗಿಣಿ ಎಲ್ಲಿ ಎಂದು ತಿಪ್ಪಿ ಕೇಳಿದಾಗ, ಅದರ ಮನೆಗೆ ಹೋಯಿತು ಎಂದರು. ನಿದ್ದೆಯಲ್ಲಿ ಅವಳ ಕೈ ಹೋಗಿ ಬೀಳುತ್ತಿದ್ದುದು ಆ ಬೂದು ಚೌಕದ ಮೇಲೆಯೇ. ಬೆಳಿಗ್ಗೆ ಕೌದಿ ಮಡಿಸುವಾಗ ಆ ಚೌಕ ಒಳಗೆ ಹೋಗುವಂತೆ ಮಡಿಸುವುದು ರಮಾಳಿಗೆ ರೂಢಿಯಾಯಿತು.

ಕೌದಿಗೆ ಆದ ಖರ್ಚನ್ನು ಅವಳು ಪಂಚಾಂಗದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ. ದಾರದ ಉಂಡೆ ನಾಲ್ಕಕ್ಕೆ ಹದಿನಾರು ರೂಪಾಯಿ. ಸೂಜಿಗೆ ಎರಡು. ಸಣ್ಣತಾಯಮ್ಮನ ಕೂಲಿ ನೂರಿಪ್ಪತ್ತು. ಗೆಂಡೆಹಳ್ಳಿಗೆ ಹೋಗಿಬಂದ ಬಸ್ಸಿಗೆ ಒಂಬತ್ತು. ರಾಗಿ ಬೀಸಿದ್ದಕ್ಕೆ ಒಂದು. ಒಟ್ಟು ನೂರ ನಲವತ್ತೆಂಟು ರೂಪಾಯಿ. ಅಂಗಿ ಒಂದು ಮಾರಿ ಬಂದದ್ದು, ರಾಗಿ ಒಂದು ಸೇರು.